ಸಾಧನೆಯ ಕಾಲಂನಲ್ಲಿ ಆಶೀರ್ವಾದ

ಭೂಮಂಡಲದ ಮತ್ತು ಅದರಾಚೆಯ ಸಮಸ್ತ ಜೀವಿಗಳೇ, ಲಕ್ಷ್ಯಗೊಟ್ಟು ಕೇಳಿರಿ. ಬೇರೆ ಗ್ರಹಗಳಲ್ಲಿ ಜೀವ ಹುಡುಕುವವರ ಭಾಷಣಗಳನ್ನು ವಿದ್ಯಾರ್ಥಿಗಳಿಗೆ ಹಂಚುವುದು ನನ್ನ ಚಟ, ಅವರ ಫೆಲೋಶಿಪ್ ಅರ್ಜಿ ತಿದ್ದುವುದು ನನ್ನ ಹಟ.

ಐನಾಪುರದ ಶಾಹೀನಳ ಅರ್ಜಿಗೆ ಇಂದೇ ಕಡೇ ದಿನ. "ನಿಮ್ಮ ಸಾಧನೆ" ಎಂಬ ಕಾಲಂನಲ್ಲಿ ಆಕೆ ಬರೆದದ್ದು, "ಗುರುಹಿರಿಯರ ಆಶೀರ್ವಾದ."

"ಸವಳು ಮಣ್ಣಿನ್ಯಾಗ ಸೂಕ್ಷ್ಮಜೀವಿ ಹುಡುಕಿದಾಕಿ ಯಾರು, ತಂಗಿ?"

"ನಾನ ರಿ ಸರ್. ಆದ್ರ ನಾನ ಬರ್ಕೊಂಡ್ರ ಮಂದಿ ಸೊಕ್ಕು ಅಂತಾರ್ರಿ."

"ಅನ್ನೋರು ಅನ್ಲಿ, ನಿನ್ನ ಫಾರ್ಮ್ ತುಂಬ್ಲಿ."

ನಕ್ಕಳು, ಬರೆದಳು, ಕಳಿಸಿಯೇ ಬಿಟ್ಟಳು. ಇಬ್ಬರೂ ಎದ್ದು ಕುಣಿಯುವುದೊಂದು ಬಾಕಿ.

"ಸರ್, ನಿಮ್ಮ ಅರ್ಜಿ ಕಳಸೂ ಮುಂದ ನಿಮಗೂ ಮಂದಿ ಸೊಕ್ಕು ಅಂತಾರಂತ ಅಂಜಿಕಿ ಆಗಿತ್ತೇನ್ರಿ?"

ಆಗಿತ್ತು ಅಂದೆ. ಸುಳ್ಳು. ನಾನು ಜನ್ಮದಲ್ಲಿ ಒಂದೂ ಅರ್ಜಿ ಕಳಿಸಿದವನಲ್ಲ.