ಭಾವನ ಅಂಗಳದಲ್ಲಿ ಉಪವಾಸ

ಕಳೆದ ಭಾನುವಾರ ಬೇಲೆಕೇರಿಯಲ್ಲಿ ನಾನು ಕ್ರಾಂತಿಯನ್ನು ಕಣ್ಣಾರೆ ಕಂಡೆ! ಅದೂ ಖಾಲಿ ಹೊಟ್ಟೆಯಲ್ಲಿ.

ವಾರವಾರ ಈ ಅಂಕಣ ಓದುವವರಿಗೆ ಗೊತ್ತು, ನಾನು ಕಾರವಾರದ ಕ್ಲಬ್ಬಿನಲ್ಲಿ ಕೂತು ಕ್ರಾಂತಿಯ ಲೆಕ್ಚರ್ ಬಿಗಿಯುವ ಮಾಸ್ತರ. ಫ್ರಾನ್ಸಿನ ಜನ ಸೆರೆಮನೆ ಒಡೆದದ್ದು, ರೋಮಿನ ಗುಲಾಮರು ತಿರುಗಿಬಿದ್ದದ್ದು ಎಲ್ಲ ನನಗೆ ಬಾಯಿಪಾಠ. ಆದರೆ ನಮ್ಮದೇ ಜಿಲ್ಲೆಯ ಕರನಿರಾಕರಣೆಯವರ ಜೊತೆ ಒಂದು ದಿನವಾದರೂ ನಿಂತೆನೇ? ಇಲ್ಲ. (ಪಗಾರ ಸರಕಾರದ್ದು, ನೋಡಿ. ಗುಪ್ತನಾಮದಲ್ಲಿ ಬರೆಯುವುದೂ ಅದಕ್ಕೇ.)

ಅಕ್ಕನ ಮನೆಗೆ ಹೋದದ್ದು ಬಂಗಡೆ ಮೀನಿನ ಸಾರಿನ ಆಸೆಯಿಂದ. ಮೋಟಾರು ಇಳಿದು ಬಿಸಿಲಲ್ಲಿ ನಡೆದು ಮನೆ ಮುಟ್ಟಿದರೆ ಅಂಗಳದಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ಮುಖ ಬಾಡಿದೆ. ಬೆನ್ನು ಮಾತ್ರ ನೆಟ್ಟಗಿದೆ.

"ಯಾರಕ್ಕಾ ಅದು?"

"ಹಿಲ್ಲೂರ ವೆಂಕಮ್ಮ. ನಿನ್ನೆ ಬೆಳಗಾತ ಬಂದು ಕೂತದ್ದು. ಗದ್ದಿ ಕೊಡೂವರಿಗೆ ಒಂದ್ ಅಗಳೂ ಮುಟ್ಟೂದಿಲ್ಲ ಅಂತಾಳೆ."

ವೆಂಕಮ್ಮನ ಗಂಡ ಬೊಮ್ಮಯ್ಯ ಬ್ರಿಟಿಷರಿಗೆ ಕರ ಕೊಡೆನೆಂದು ಜೈಲು ಸೇರಿದ್ದಾನೆ. ಗದ್ದೆ ಜಪ್ತಿಯಾಯಿತು. ಸರಕಾರ ಅದನ್ನು ಲಿಲಾವಿಗೆ, ಅಂದರೆ ಹರಾಜಿಗೆ, ಇಟ್ಟಾಗ ಹಿಲ್ಲೂರಿನ ಒಬ್ಬನೂ ಸವಾಲು ಕೂಗಲಿಲ್ಲ. ಕೂಗಿದ್ದು ಬೇಲೆಕೇರಿಯ ನಮ್ಮ ಭಾವ! ಅಗ್ಗಕ್ಕೆ ಸಿಕ್ಕಿತಂತೆ. (ಹೆಸರು, ಊರು ಎಲ್ಲ ಬದಲಿಸಿದ್ದೇನೆ. ಫೌಜದಾರರು ಹುಡುಕುವ ತೊಂದರೆ ತೆಗೆದುಕೊಳ್ಳಬಾರದು.)

ಅಂಗಳದಲ್ಲಿ ಹಸಿದವರು ಕೂತಿರುವಾಗ ಒಳಗೆ ಎಲೆ ಹಾಕುವುದು ನಮ್ಮ ಕಡೆ ಎಲ್ಲಾದರೂ ಉಂಟೇ? ನಿನ್ನೆಯಿಂದ ಅನ್ನ ಬೇಯುತ್ತಿದೆ, ಯಾರೂ ಉಂಡಿಲ್ಲ. ಭಾವನಿಗೆ ತಲೆ ಕೆಟ್ಟುಹೋಗಿತ್ತು.

"ನಾ ಎಂತ ಕದ್ದದ್ದಾ? ಸರಕಾರಿ ಕಾಗದ ಅದೆ ನನ್ನಲ್ಲಿ!"

ಸಂಧಾನಕ್ಕೆ ನನ್ನನ್ನು ಕಳಿಸಿದರು. ಓದಿದವನಲ್ಲವೇ? ವೆಂಕಮ್ಮನ ಎದುರು ಕೂತು ಲೋಕದ ಹೋರಾಟಗಾರರ ಕಥೆಯನ್ನೆಲ್ಲ ಹೇಳಿದೆ. "ಹೋರಾಟಕ್ಕೆ ಮೈಯಲ್ಲಿ ಶಕ್ತಿ ಬೇಕು ತಾಯಿ. ಮೊದಲು ಎರಡು ತುತ್ತು ಉಣ್ಣು. ಆಮೇಲೆ ಅರ್ಜಿ ಬರೆಯೋಣ" ಎಂದೆ.

ಅವಳು ನನ್ನನ್ನೇ ನೋಡಿದಳು. "ಅವ್ರೆಲ್ಲಾ ಹೊಟ್ಟಿ ತುಂಬ ಉಂಡಕಂಡು ಅರ್ಜಿ ಬರದ್ರಾ, ಮಾಸ್ತರ್ರೆ?"

ಎದ್ದು ಬಂದೆ.

ಭಾವನಿಗೆ ರೇಗಿಹೋಯಿತು. "ಬಡಸೇ! ನನ್ನ ಮನೆ, ನನ್ನ ಅನ್ನ!" ಅಕ್ಕ ಬಡಿಸಿದಳು. ಅನ್ನ, ಸಾರು, ಎಲ್ಲ. ಬಡಿಸಿ, ಕೈ ಒರೆಸಿಕೊಂಡು, ನೇರವಾಗಿ ಅಂಗಳಕ್ಕಿಳಿದು ವೆಂಕಮ್ಮನ ಪಕ್ಕದಲ್ಲಿ ಕೂತುಬಿಟ್ಟಳು.

"ನೀವ್ ಉಣ್ಣಿ. ನಾ ಇಲ್ಲೇ ಕೂರ್ತೆ."

ಮದುವೆಯಾಗಿ ಹದಿನೆಂಟು ವರ್ಷ! ಭಾವನಿಗೆ ಅಕ್ಕ ಎದುರಾಡಿದ್ದನ್ನು ನಾನು ಕಂಡೇ ಇಲ್ಲ. ನೋಡನೋಡುತ್ತ ಭಾವನ ಮುದಿ ತಾಯಿಯೂ ಕೋಲೂರಿಕೊಂಡು ಬಂದು ಸೊಸೆಯ ಪಕ್ಕ ಕೂತರು. ಪಗಾರ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಮೆಟ್ಟಿಲಿಳಿದೆ, ಕೂತೆ. ಅಂಥ ಹುರುಪು ನನಗೆ ಯಾವ ಪುಸ್ತಕದಿಂದಲೂ ಬಂದದ್ದಿಲ್ಲ.

ಒಳಗೆ ಭಾವ ಅನ್ನ ಕಲಸಿದರು. ಕೈ ಬಾಯಿಯ ತನಕ ಹೋಯಿತು. ತುತ್ತು ಒಳಗೆ ಹೋಗಲಿಲ್ಲ. ಎದ್ದು ಕೈ ತೊಳೆದು ಹೊಸ್ತಿಲಿಗೆ ಬಂದರು.

"ವೆಂಕಮ್ಮಾ, ಕಾಗದ ನನ್ನ ಹೆಸರಲ್ಲೇ ಇರ್ಲಿ. ಇಲ್ಲಾಂದ್ರೆ ಅವ್ರು ಮತ್ತೆ ಜಪ್ತಿ ಮಾಡ್ತ್ರು. ಗದ್ದಿ ನೀವೇ ಮಾಡಿ, ಬೆಳಿ ನೀವೇ ಕೊಯ್ಯಿ. ಬೊಮ್ಮಯ್ಯ ಬಂದ ದಿನ ಬರ್ದುಕೊಡ್ತೆ."

"ಅವ್ವಿ ತಲಿ ಮುಟ್ಟಿ ಹೇಳಿ."

ಅವ್ವಿ ಅಲ್ಲೇ ಕೂತಿದ್ದರಲ್ಲ! ಭಾವ ಬಗ್ಗಿ ತಾಯಿಯ ತಲೆ ಮುಟ್ಟಿದರು. ವೆಂಕಮ್ಮ ಅಕ್ಕನ ಕೈಯಿಂದ ಗಂಜಿ ಇಸಿದುಕೊಂಡಳು. ನಾನು ಅತ್ತೇಬಿಟ್ಟೆ, ಮಾರಾಯರೇ.

ಮರುದಿನ ಬೆಳಿಗ್ಗೆ ವೆಂಕಮ್ಮ ಹಿಲ್ಲೂರಿಗೆ ಹೋಗಲಿಲ್ಲ. ಅವಳ ನೆರೆಮನೆಯವರ ಗದ್ದೆ ಕೊಂಡವನೊಬ್ಬ ಅಂಕೋಲೆಯಲ್ಲಿದ್ದಾನಂತೆ. ಅವನ ಅಂಗಳಕ್ಕೆ ಹೊರಟಳು. ಜೊತೆಗೆ ನಮ್ಮ ಅಕ್ಕನೂ!

ಲಿಲಾವಿನ ಕಾಗದವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟುಕೊಂಡವರು ತಾಲೂಕಿನಲ್ಲಿ ಇನ್ನೂ ಇದ್ದೀರಿ. ಈ ಪತ್ರಿಕೆ ಓದುವವರೂ ನಿಮ್ಮಲ್ಲಿರಬಹುದು.

ಮಹನೀಯರೇ, ಇವತ್ತು ಊಟ ಆಯಿತೇ?