ಬರೆದವರ ಹೆಸರು ಕಾಯುವ ಕಂಪ್ಯೂಟರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಔಷಧ ಕೋಣೆಯ ಹಿಂದೆ, ಒಂದು ಕೈ ಮುರಿದ ಕುರ್ಚಿಯಲ್ಲಿ ಕುಳಿತು ಕಂಪ್ಯೂಟರಮ್ಮ ಪರದೆಗೆ ಕಣ್ಣು ನೆಟ್ಟಿದ್ದಾರೆ. ರಾತ್ರಿ ಪಾಳಿಯವರು ಹೊರಡುವ, ಹಗಲಿನವರು ಬರುವ ಹೊತ್ತಿದು. ಒಬ್ಬರು ಕೊನೆಯ ಸಾಲು ಬರೆಯುತ್ತಿರುವಾಗಲೇ ಇನ್ನೊಬ್ಬರು ಮೊದಲ ಸಾಲು ಶುರುಮಾಡುತ್ತಾರೆ. ಯಾವ ಸಾಲಿನ ಮುಂದೆ ಯಾರ ಹೆಸರು ಬೀಳುತ್ತದೆ ಎನ್ನುವುದೇ ಇವರ ಚಿಂತೆ.

ರೋಗಿಗಳ ದಾಖಲೆ ಇಡುವ ತಂತ್ರಾಂಶವನ್ನು ಒಬ್ಬರೇ ನೋಡಿಕೊಳ್ಳುವ ಇವರಿಗೆ ಈ ಅಡ್ಡಹೆಸರು ಇಟ್ಟವರು ಆಯಾಗಳು. ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ತಂತ್ರಾಂಶ ನೆಟ್ಟಗೆ ನಡೆದರೆ ಇವರೊಬ್ಬರಿದ್ದಾರೆಂದು ಯಾರಿಗೂ ನೆನಪಾಗುವುದಿಲ್ಲ. ಕೆಟ್ಟರೆ ಇಡೀ ಆಸ್ಪತ್ರೆ ಇವರನ್ನೇ ಹುಡುಕುತ್ತದೆ. ಅತ್ತೆಗಂತೂ ಸೊಸೆಯ ಕೆಲಸ ಇಂದಿಗೂ ತಲೆಗೆ ಹೋಗಿಲ್ಲ.

"ದಿನಾ ಇಷ್ಟು ಬೇಗ ಎದ್ದು ಹೋಗಿ ಏನಮ್ಮಾ ಮಾಡ್ತೀಯ?"

"ಯಾರು ಬರೆದ್ರು ಅಂತ ನೋಡ್ತೀನಿ ಅತ್ತೆ."

"ಅದಕ್ಕೂ ಸಂಬಳ ಕೊಡ್ತಾರಾ!"

ಕೊಡಲೇಬೇಕು. ಕಳೆದ ತಿಂಗಳು ಒಬ್ಬ ರೋಗಿಯ ಅರ್ಧ ಮಾತ್ರೆ ದಾಖಲೆಯಲ್ಲಿ ಎರಡಾಗಿತ್ತು. ಸದ್ಯ, ಕೊಡುವ ಮೊದಲೇ ಗೊತ್ತಾಯಿತು. ಬದಲಿಸಿದವರ ಜಾಗದಲ್ಲಿ ರಾತ್ರಿ ಪಾಳಿಯ ಹಿರಿಯ ನರ್ಸ್ ಹೆಸರಿತ್ತು. "ನಾನದನ್ನ ಮುಟ್ಟೇ ಇಲ್ಲ" ಎಂದು ಪಾಪ ಆಕೆ ಗೋಗರೆದರೂ, "ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದು ಅಮಾನತು ಮಾಡಿ ಮನೆಗೆ ಕಳಿಸಿಬಿಟ್ಟರು.

ಕಂಪ್ಯೂಟರಮ್ಮ ಆ ದಿನದ ದಾಖಲೆಗಳನ್ನು ತೆರೆದು ಕುಳಿತರು. ಹುಡುಕುತ್ತಾ ಹೋದರು. ಹುಳುಕು ಸಿಕ್ಕಿದ್ದು ತಂತ್ರಾಂಶಕ್ಕೆ ತಾವೇ ಬರೆದಿದ್ದ ಕೋಡಿನಲ್ಲಿ. ಅದನ್ನು ಅವರು ಆಡಳಿತದವರಿಗೆ ವಿವರಿಸಿದ್ದು ಹೀಗೆ:

"ಲಾಗಿನ್ ಆದವರು ಯಾರು ಅಂತ ಬಾಗಿಲಲ್ಲಿರೋ ಕೋಡಿಗೆ ಗೊತ್ತು. ದಾಖಲೆ ಬರೆಯೋ ಕೋಡ್ ಒಳಗಡೆ ಕೂತಿರುತ್ತೆ, ಅದಕ್ಕೆ ಗೊತ್ತಿಲ್ಲ. ಸುಲಭ ಆಗ್ಲಿ ಅಂತ ನಾನು ಮಧ್ಯೆ ಬರೆದು ಅಳಿಸೋ ಒಂದು ಹಲಗೆ ಇಟ್ಟ ಹಾಗೆ ಮಾಡಿದ್ದೆ. ಬಂದವರ ಹೆಸರು ಹಲಗೆ ಮೇಲೆ, ಒಳಗಿನದು ನೋಡ್ಕೊಂಡು ಬರೆಯುತ್ತೆ. ಒಂದೇ ಗಳಿಗೇಲಿ ಇಬ್ರು ಬಂದ್ರೆ? ಒಬ್ಬರ ಹೆಸರು ಅಳಿಸಿ ಇನ್ನೊಬ್ಬರದು ಬೀಳುತ್ತೆ."

ಈಗ ಹಲಗೆ ತೆಗೆದಿದ್ದಾರೆ. ಪ್ರತಿ ಕೆಲಸದ ಜೊತೆಗೇ ಮಾಡಿದವರ ಹೆಸರೂ ಚೀಟಿಯಂತೆ ಕೈಯಿಂದ ಕೈಗೆ ಒಳಗೆ ಹೋಗುತ್ತದೆ. ಅಂದು ಪಾಳಿ ಬದಲಾಗುವ ಹೊತ್ತಿನಲ್ಲಿ ಮಾತ್ರೆ ಬದಲಾದದ್ದು ಹಗಲು ಪಾಳಿಯ ಕಿರಿಯ ವೈದ್ಯರ ಕೈತಪ್ಪಿನಿಂದ, ಅವರೂ ಒಪ್ಪಿಕೊಂಡಿದ್ದಾರೆ.

ಆಡಳಿತದವರು "ತಾಂತ್ರಿಕ ಕಾರಣದಿಂದ ಹೆಸರು ತಪ್ಪಾಗಿದೆ" ಎಂದು ವರದಿ ಬರೆದು ಕೈತೊಳೆದುಕೊಳ್ಳುವವರಿದ್ದರು. ನಿಮಗೂ ಒಳ್ಳೆಯದು, ಸುಮ್ಮನಿರಿ ಎಂದರು. ಕಂಪ್ಯೂಟರಮ್ಮ ಸುತರಾಂ ಒಪ್ಪಲಿಲ್ಲ.

"'ಆಗಿದೆ' ಅಂದ್ರೆ ಯಾರೂ ಮಾಡಿಲ್ಲ ಅಂತಾಯ್ತು. ಆಮೇಲೆ ಜನ ಮತ್ತೆ ನರ್ಸಕ್ಕನ ಮುಖಾನೇ ನೋಡ್ತಾರೆ. 'ಮಾಡಿದ್ದಾರೆ' ಅಂತ ನನ್ನ ಹೆಸರು ಹಾಕಿ ಬರೀರಿ. ಕೋಡ್ ತಪ್ಪಾಗಿ ಬರೆದಿದ್ದು ನಾನು."

ಹಾಗೇ ಬರೆಸಿ ಸಹಿ ಹಾಕಿದರು. ಈ ವರ್ಷದ ಗುತ್ತಿಗೆ ಮುಂದುವರಿದ ಸುದ್ದಿ ಇನ್ನೂ ಬಂದಿಲ್ಲ.

ಪಾಳಿ ಮುಗಿಸಿದ ನರ್ಸ್ ಕೋಣೆಯೊಳಗೆ ಇಣುಕುತ್ತಾರೆ. ಅವರು ಕೆಲಸಕ್ಕೆ ಮರಳಿ ಇದು ಮೊದಲ ವಾರ. "ನನ್ನ ಸಲುವಾಗಿ ನಿಮ್ಮ ಹೆಸರು ಹಾಕಿಸ್ಕೊಂಡ್ರಂತೆ?"

"ನಿಮ್ಮದು ತೆಗೀಬೇಕಿತ್ತಲ್ಲ ಅಕ್ಕ," ಎನ್ನುತ್ತಾರೆ ಕಂಪ್ಯೂಟರಮ್ಮ, ಪರದೆಯಿಂದ ಕಣ್ಣು ಕೀಳದೆ. "ಆ ಜಾಗ ಖಾಲಿ ಬಿಡೋ ಹಾಗಿಲ್ಲ."