ಅಂಕಲ್ ಬೇಡವೆಂದ ಗೋಂದು

ಕಳೆದ ವಾರ ಮಲ್ಲತ್ತಹಳ್ಳಿಯ ನಮ್ಮ ಮನೆಯಲ್ಲಿ ಪ್ಲಂಬರ್ ಸಿಂಕಿನ ಅಂಚಿಗೆ ನೀರು ಸೋರದಂತೆ ಸಿಲಿಕಾನ್ ಗೋಂದು ಹಚ್ಚುತ್ತಿದ್ದ. ವಿನೆಗರಿನಂಥ ಹುಳಿ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ನಾನು ಸುಮ್ಮಸುಮ್ಮನೆ ಅವನ ಮೇಲೆ ರೇಗಿದೆ. "ಎಲ್ರ ಮನೇಗೂ ಇದೇ ಹಾಕೋದು ಸಾರ್," ಎಂದ ಪಾಪ. ಸಿಂಕಿಗೆ ಅದು ಸರಿಯೇ. ನನ್ನ ಸಿಟ್ಟೆಲ್ಲ ಆ ವಾಸನೆಯ ಮೇಲಿತ್ತು.

ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯವರು ಅಂಕಲ್. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಮಾಡುವ ಹುಚ್ಚು ಹಿಡಿಸಿಕೊಂಡಿದ್ದರು. ಹಲಗೆ ಹಲಗೆ ಕೂಡಿಸಲು ಬಿಳಿ ಗೋಂದು, ಒಳಮೂಲೆಗಳಿಗೆ ಅದೇ ಗೋಂದಿನಲ್ಲಿ ಕಲಸಿದ ಮರದ ಪುಡಿ. ಆ ಪುಡಿಯನ್ನು ಆಂಟಿಯ ಹಿಟ್ಟಿನ ಜರಡಿಯಲ್ಲಿ ಸೋಸಿ ದಿನಾ ಬೈಸಿಕೊಳ್ಳುತ್ತಿದ್ದರು. ಎರಡು ದಿನ ಒಣಗಿಸಿ, ಸ್ಪೀಕರ್ ಕೂರಿಸಿ, ಅದರ ಮುಂದಿನ ಕಾಗದದ ಪರದೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತ ಊದುಬತ್ತಿಯನ್ನು ಅಂಚಿನುದ್ದಕ್ಕೂ ಹಿಡಿಯುವರು. ಹೊಗೆ ಎಲ್ಲಾದರೂ ಅಲುಗಿತೋ, ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಮತ್ತೆ ಬಿಚ್ಚು, ಮತ್ತೆ ಹಚ್ಚು, ಮತ್ತೆ ಎರಡು ದಿನ ಕಾಯಿ. ಭಾನುವಾರಗಳಲ್ಲಿ ನಾನು ಪಕ್ಕದಲ್ಲಿ ಕೂತು ಕಲಿಯುತ್ತಿದ್ದೆ. ವಯಸ್ಸು ಮೂವತ್ತೈದು ದಾಟಿತ್ತು, ತಾಳ್ಮೆ ಮಾತ್ರ ಬಂದಿರಲಿಲ್ಲ.

ಒಮ್ಮೆ ಬಡಾವಣೆಯ ಸಂಘದವರು ಸಭಾಂಗಣದಲ್ಲಿ ಸಮಾರಂಭವಿದೆ, ಅಲ್ಲಿಗೆ ಎರಡು ಪೆಟ್ಟಿಗೆ ಮಾಡಿಕೊಡಿ ಎಂದರು. ಅಂಕಲ್ ಕೆಲಸ ನಾಲ್ಕು ಜನರೆದುರು ಹೋಗುತ್ತಿದ್ದದ್ದು ಅದೇ ಮೊದಲು. ಅದಕ್ಕೆಂದೇ ಹೊಸ ಅಂಗಿ ಹೊಲಿಸಿಕೊಂಡಿದ್ದರು... ನೀಲಿಯದೋ ಬೂದು ಬಣ್ಣದ್ದೋ, ನೆನಪಾಗುತ್ತಿಲ್ಲ.

ಸಮಾರಂಭದ ಹಿಂದಿನ ದಿನ ಒಂದು ಪೆಟ್ಟಿಗೆಯ ಮೂಲೆಯಲ್ಲಿ ಹೊಗೆ ಅಲುಗಿತು. ನಾನು ಓಡಿಹೋಗಿ ಸಿಲಿಕಾನ್ ಟ್ಯೂಬ್ ತಂದೆ.

"ಅದು ಬೇಡ ಕಣಪ್ಪ. ಅದರ ಹುಳಿ ಗಾಳಿ ಒಳಗೇ ಉಳ್ಕೊಂಡ್ರೆ ಸ್ಪೀಕರಿನ ತಾಮ್ರದ ತಂತಿ ತಿಂದಾಕತ್ತೆ. ಒಂದೇ ಪೆಟ್ಟಿಗೇಲಿ ಸುಧಾರಿಸ್ಕೊಳ್ಳಿ ಅಂತ ಸಂಘದಲ್ಲಿ ಹೇಳಿ ಬರ್ತೀನಿ," ಎಂದು ಹೊರಟರು.

ಅವರು ಬೀದಿ ತಿರುಗುವುದನ್ನೇ ಕಾದು, ಸ್ಪೀಕರ್ ಬಿಚ್ಚಿ ಒಳಮೂಲೆಗೆ ಸಿಲಿಕಾನ್ ಹಚ್ಚಿದೆ. ಅದು ಒಣಗುವ ಮೊದಲೇ ಸ್ಪೀಕರ್ ಮತ್ತೆ ಕೂರಿಸಿ ಸ್ಕ್ರೂ ಬಿಗಿದೆ, ವಾಸನೆ ಹೋಗಲೆಂದು ಫ್ಯಾನ್ ಹಾಕಿದೆ. ಕಾರ್ಯದರ್ಶಿ ಸಿಗಲಿಲ್ಲವೆಂದು ಅವರು ವಾಪಸು ಬಂದಾಗ, ಸೋರುತ್ತಿದ್ದದ್ದು ಮೂಲೆಯಲ್ಲ, ಸ್ಕ್ರೂ ಸಡಿಲವಿತ್ತು ಎಂದು ಸುಳ್ಳು ಹೇಳಿದೆ. ಅವರು ಊದುಬತ್ತಿ ಹಿಡಿದು ನೋಡಿದರು. ಹೊಗೆ ನೆಟ್ಟಗೆ ಏರಿತು. ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳಿಗೆ ಆ ಪೆಟ್ಟಿಗೆ ಕರಕರ ಎಂದು ಬಾಯಿ ಮುಚ್ಚಿತು. ಕಾರ್ಯದರ್ಶಿ ಸಭೆಯ ನಡುವೆಯೇ ಮೆಕ್ಯಾನಿಕ್ ಕರೆಸಿ ಬಿಚ್ಚಿಸಿದ. ಒಳಗೆ ತಂತಿ ಹಸಿರುಗಟ್ಟಿ ತುಂಡಾಗಿತ್ತು.

"ವಯಸ್ಸಾದ್ಮೇಲೆ ಮನೇಲಿ ಕೂತ್ಕೋಬೇಕು ಸಾರ್. ಗೊತ್ತಿಲ್ದಿರೋ ಕೆಲಸಕ್ಕೆ ಯಾಕೆ ಕೈ ಹಾಕ್ತೀರಾ," ಎಂದ ಕಾರ್ಯದರ್ಶಿ ಎಲ್ಲರೆದುರು. ಕೆಲವರು ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಂಕಲ್ ಪೆಟ್ಟಿಗೆಯೊಳಗೆ ಕೈಯಿಟ್ಟು ಮೂಲೆಯನ್ನು ಸವರಿ ನೋಡಿದರು. "ತಪ್ಪಾಯ್ತು," ಎಂದರು. ನಾನು ಎರಡು ಕುರ್ಚಿಯಾಚೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಥೂ.

ಆಮೇಲೆ ಅವರು ಇನ್ನೊಂದು ಪೆಟ್ಟಿಗೆ ಮಾಡಲಿಲ್ಲ. ಅವರಿಗೇನೂ ತಿಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಭಾನುವಾರ ಹೋಗುವುದನ್ನು ಬಿಟ್ಟೆ. ಆಮೇಲೆ ಮನೆಯನ್ನೂ ಬದಲಿಸಿದೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ...

ಪ್ಲಂಬರ್ ಹೋದ ಮಾರನೆಯ ದಿನ ಬಸವೇಶ್ವರನಗರಕ್ಕೆ ಹೋದೆ. ಗೇಟಿನ ಬಳಿಯೇ ನಿಂತು ಆಂಟಿಗೆ ಎಲ್ಲ ಹೇಳಿದೆ. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅವರಿಗೆ ಆವತ್ತೇ ಗೊತ್ತಾಗಿತ್ತು. ಕೈಗೆ ರಬ್ಬರ್ ಥರ ಸಿಕ್ತಂತೆ. ಅವನಾಗೇ ಬಂದು ಹೇಳ್ತಾನೆ ನೋಡು ಅಂತಿದ್ರು. ಭಾನುವಾರ ಬಂತು ಅಂದ್ರೆ ಅವನಿಗೂ ಸೇರಿಸಿ ಕಾಫಿ ಮಾಡು ಅನ್ನೋರು. ಎಷ್ಟು ಭಾನುವಾರ ಆ ಕಾಫಿ ಚೆಲ್ಲಿದೀನೋ."

ನನಗೆ ಅಂಕಲ್ ಮೇಲೆಯೇ ಕೋಪ ಉಕ್ಕಿತು. ಯಾಕೆ ಕಾಯಬೇಕಿತ್ತು ಆ ಮನುಷ್ಯ? ಕಾಂಪೌಂಡಿನಾಚೆಯಿಂದ ಒಮ್ಮೆ ಕೂಗಿ ಉಗಿದಿದ್ದರೆ ಸಾಕಿತ್ತಲ್ಲ. ಅದನ್ನೇ ಆಂಟಿಗೂ ಹೇಳಿಬಿಟ್ಟೆ, ಜೋರಾಗಿಯೇ.

"ಈಗ ಅವರದ್ದೇ ತಪ್ಪಾ?" ಎಂದರು ಆಂಟಿ.

ಗೇಟು ಹಾಕಿಕೊಂಡು ಒಳಗೆ ಹೋದರು. ಕೂತ್ಕೋ ಎನ್ನಲಿಲ್ಲ, ಕಾಫಿ ಬೇಕಾ ಎಂದು ಕೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿರಲಿಲ್ಲ.